ಮಂಜುಗಾಜು, ಸೂಜಿಗಾಜು

ನೇಪಾಳದ ಪಾಟನ್ನಿನ ಹಳೆಯ ಕಟ್ಟಡಗಳ ಫೋಟೋ ತೆಗೆಯುವವರು ಬೇಕಾದಷ್ಟು ಜನ ಇದ್ದರು. ಆದರೆ ಅವುಗಳಿಗೆ ಮರ್ಯಾದೆ ಕೊಟ್ಟು ಫೋಟೋ ತೆಗೆಯುವವನು ತಾನೊಬ್ಬನೇ ಎಂದು ತೀರ್ಥಮಾನ್ ಚಿತ್ರಕಾರ್ ಗಟ್ಟಿಯಾಗಿ ನಂಬಿದ್ದ. ಅವನ ಹತ್ತಿರ ಎರಡು ಲೆನ್ಸುಗಳಿದ್ದವು. ಒಂದು, ರಾಣಾಗಳ ಅರಮನೆಗೆ ಚಿತ್ರ ಬರೆಯಲು ಹೋಗುತ್ತಿದ್ದ ಅವನಪ್ಪ ಅಲ್ಲಿಂದ ಇನಾಮಾಗಿ ತಂದ ಒಂಟಿಗಾಜಿನದು. ಅದರಲ್ಲಿ ತೆಗೆದರೆ ಇಟ್ಟಿಗೆ, ಮರ, ಹಿತ್ತಾಳೆ ಎಲ್ಲದರ ಅಂಚೂ ಬೆಳಕಿನಲ್ಲಿ ಕರಗಿದಂತೆ ಬರುತ್ತಿತ್ತು. ಅದಕ್ಕೆ ಅವನು ಮಂಜುಗಾಜು ಎನ್ನುತ್ತಿದ್ದ. ಇನ್ನೊಂದು ಜರ್ಮನಿಯದು, ಇರುವೆಯ ಮೀಸೆಯನ್ನೂ ಬಿಡದೆ ತೋರಿಸುವಂಥದ್ದು. ಅದು ಸೂಜಿಗಾಜು. ಪಾಸ್‌ಪೋರ್ಟಿಗೆ ಮುಖ ಬೇಕಾದವರು ಬಂದಾಗ ಮಾತ್ರ ಅದು ಪೆಟ್ಟಿಗೆಯಿಂದ ಹೊರಗೆ ಬರುತ್ತಿತ್ತು. ದೇವರ ಮನೆಯ ಕಡೆಗೆ ಅದನ್ನು ಅವನು ತಿರುಗಿಸಿದವನೇ ಅಲ್ಲ.

"ಅಜ್ಜಿ ಮುಖಕ್ಕೆ ಯಾರಾದ್ರೂ ಭೂತಗನ್ನಡಿ ಹಿಡೀತಾರೇನೇ?" ಎಂದು ಅವನು ಮಗಳು ಹೇರಾಶೋಭಾಳನ್ನು ಕೇಳುತ್ತಿದ್ದ. "ಹಳೇ ಕಟ್ಟಡನೂ ಹಂಗೇ. ಸುಕ್ಕು ಎಣಿಸಬಾರದು."

"ಸುಕ್ಕು ಎಣಿಸ್ಬೇಡಿ ಬುಬಾ. ಮೂಗು ಎಲ್ಲಿದೆ ಅಂತಾದ್ರೂ ಗೊತ್ತಾಗ್ಬೇಕಲ್ಲ!" ಎನ್ನುವಳು ಅವಳು. ಕತ್ತಲೆ ಕೋಣೆಯ ಕೆಲಸವೆಲ್ಲ ಅವಳದೇ ಆದ್ದರಿಂದ ಅವಳ ನಾಲಿಗೆಗೆ ಲಗಾಮಿರಲಿಲ್ಲ.

ಬೇಖಾರತ್ನ ಶಿಲ್ಪಕಾರ್ ಇನ್ನೂ ಒಂದು ಕೈ ಮೇಲೆ. ಅವನು ಮರ ಕೆತ್ತುವವನು, ತೀರ್ಥಮಾನನ ಜೊತೆಯಲ್ಲೇ ಬೀದಿಯಲ್ಲಿ ಗೋಲಿ ಆಡಿ ಬೆಳೆದವನು. "ದೂರದ ಬೆಟ್ಟ ನುಣ್ಣಗೆ ಅಂತಾರೆ, ಒಪ್ಪಿದೆ. ನೀನು ಮೂಗಿನ ಮುಂದಿರೋ ಬೆಟ್ಟನೂ ನುಣ್ಣಗೆ ಮಾಡಿಬಿಡ್ತೀಯಲ್ಲೋ ತೀರ್ಥ! ನಮ್ಮಪ್ಪ ಉಳಿ ಹಿಡಿದು ಬೆನ್ನು ಮುರ್ಕೊಂಡಿದ್ದೆಲ್ಲ ನಿನ್ನ ಮಂಜಲ್ಲಿ ಕೊಚ್ಕೊಂಡು ಹೋಯ್ತು."

ತೀರ್ಥಮಾನ್ ನಕ್ಕುಬಿಡುತ್ತಿದ್ದ. ಕೆತ್ತುವವರಿಗೆ ಉಳಿಯ ಗುರುತೇ ದೇವರು, ಏನು ಮಾಡುವುದು? ಚಿತ್ರಕಾರರ ಮನೆತನದಲ್ಲಿ ಹುಟ್ಟಿದವನಿಗೆ ಉಳಿಯ ಗುರುತು ಮುಚ್ಚಿಹೋಗಿ ದೇವರು ಕಾಣಬೇಕು. ಹಾಗಂತ ಅವನಪ್ಪ ಹೇಳಿದ್ದ, ಅವನೂ ಹಾಗೆಯೇ ತಿಳಿದಿದ್ದ.

ಅವರ ಕೇರಿಯ ನಡುವೆ ಪಲೇಸ್ವಾಂ ಬಾಹಾ ಇತ್ತು. ನಾಲ್ಕೂ ಕಡೆ ಮನೆ, ನಡುವೆ ಕಲ್ಲು ಹಾಸಿದ ಅಂಗಳ, ಅಂಗಳದ ಒಂದು ಬದಿಗೆ ಗುಡಿ. ಗುಡಿಯ ಮಾಡನ್ನು ಓರೆಯಾಗಿ ಎತ್ತಿ ಹಿಡಿದ ಮರದ ತೋಳುಗಳಿಗೆ ತುನಾಲ ಎನ್ನುತ್ತಾರೆ. ಒಂದೊಂದು ತುನಾಲದಲ್ಲೂ ಒಬ್ಬೊಬ್ಬ ದೇವತೆ. ಮೂಲೆಯ ತುನಾಲದಲ್ಲಿದ್ದವಳು ಅಜಿಮಾ, ಕೇರಿಗೆಲ್ಲ ಅಜ್ಜಿ. ಉಳಿದ ದೇವತೆಗಳು ತಮ್ಮ ಪಾಡಿಗೆ ತಾವು ಎತ್ತಲೋ ನೋಡುತ್ತಿದ್ದರು. ಅಜಿಮಾ ಹಾಗಲ್ಲ. ಯಾವ ಬಾಗಿಲಿನಿಂದ ಅಂಗಳಕ್ಕೆ ಕಾಲಿಟ್ಟರೂ ಅವಳ ಮುಖ ನಿಮ್ಮ ಕಡೆಗೇ ಇರುತ್ತಿತ್ತು. ನೀವು ಬಾವಿಯತ್ತ ನಡೆದರೆ ಆ ಮುಖವೂ ಮೆಲ್ಲಗೆ ಬಾವಿಯತ್ತ ತಿರುಗುತ್ತಿತ್ತು. ಇದು ಕಥೆಯಲ್ಲ, ಆ ಕೇರಿಯಲ್ಲಿ ಯಾರನ್ನು ಬೇಕಾದರೂ ಕೇಳಿ. ತಾಯಂದಿರು ಕೂಸುಗಳನ್ನು ಬಿಸಿಲಿಗೆ ಮಲಗಿಸಿ, "ಅಜಿಮಾ, ನೋಡ್ಕೋ" ಎಂದು ಹೇಳಿ ಸಂತೆಗೆ ಹೋಗಿಬಿಡುತ್ತಿದ್ದರು. ಸುಳ್ಳು ಹೇಳಬೇಕಾದವರು ಬಾಹಾದಿಂದ ಹೊರಗೆ ಬಂದು ಹೇಳುತ್ತಿದ್ದರು.

ತೀರ್ಥಮಾನನಿಗೆ ಅವಳು ಇನ್ನೂ ಹೆಚ್ಚು. ವಿಕ್ರಮ ಸಂವತ್ತಿನ ತೊಂಬತ್ತರ, ಅಂದರೆ ಇಸವಿ ಮೂವತ್ತನಾಲ್ಕರ, ಭೂಕಂಪದ ದಿನ ಅವನು ಇನ್ನೂ ಚಿಕ್ಕವನು, ಅದೇ ಅಂಗಳದಲ್ಲಿ ಒಬ್ಬನೇ ಸಿಕ್ಕಿಕೊಂಡಿದ್ದ. ಎದುರಿನ ಮನೆ ಕುಸಿದು, ಧೂಳಿನಲ್ಲಿ ತನ್ನ ಕೈ ತನಗೇ ಕಾಣದೆ ಅಳುವುದಕ್ಕೂ ಉಸಿರಿರಲಿಲ್ಲ. ಧೂಳು ಇಳಿದಾಗ ಮೊದಲು ಕಂಡದ್ದು ಅವಳ ಮುಖ, ಅವನನ್ನೇ ನೋಡುತ್ತಿತ್ತು. ಅವನು ಎದ್ದು ಬಾಗಿಲಿನತ್ತ ಓಡಿದಾಗ ಅವಳೂ ಅವನ ಹಿಂದೆಯೇ ತಿರುಗಿದಳು. ಆ ನೋಟದ ಋಣ ತೀರಿಸಲಿಕ್ಕಾಗಿಯೇ ಅವನು ಪ್ರತಿ ಚಳಿಗಾಲ ಮಂಜುಗಾಜಿನಲ್ಲಿ ಅವಳನ್ನು ತೆಗೆಯುತ್ತಿದ್ದ.

ಗುಡಿಯ ಮಾಡು ಸೋರಿ ಸೋರಿ ಕೊನೆಗೆ ಬಿಚ್ಚಿ ಕಟ್ಟಲೇಬೇಕಾಯಿತು. ಬಾಹಾದ ಆಡಳಿತ ನೋಡುವ ಗುಠಿಗೆ ಹಿರಿಯರಾದ ಗಜರತ್ನ ಶಾಕ್ಯರು ಒಂದು ಬೆಳಗ್ಗೆ ಬೇಖಾನನ್ನೂ ಕರೆದುಕೊಂಡು ಸ್ಟುಡಿಯೋಕ್ಕೆ ಬಂದು, ಶಾಲು ಬಿಚ್ಚದೆಯೇ ಹೇಳಿದರು.

"ತೀರ್ಥ, ಬಿಚ್ಚೋದಕ್ಕೆ ಮುಂಚೆ ಎಲ್ಲಾ ತುನಾಲದ್ದೂ ಫೋಟೋ ಬೇಕು. ಗುಠಿಯಲ್ಲಿ ತೀರ್ಮಾನ ಆಗಿದೆ. ಗಟ್ಟಿ ಇರೋದನ್ನ ವಾಪಸ್ ಇಡ್ತೀವಿ. ಹಾಳಾಗಿರೋದನ್ನ ಫೋಟೋ ನೋಡಿ ಬೇಖಾ ಹೊಸದಾಗಿ ಕೆತ್ತುತಾನೆ. ಫೋಟೋದಲ್ಲಿ ಸ್ಪಷ್ಟ ಕಾಣದೆ ಇದ್ರೆ ಅಲ್ಲಿಗೆ ಬೋಳು ಮರ. ಊಹೆ ಮೇಲೆ ದೇವರನ್ನ ಕೆತ್ತೋದು ಬೇಡ."

"ಅಜಿಮಾ ಗಟ್ಟಿ ಇದಾಳೆ ತಾನೇ ದಾಯ್?" ಹಿರಿಯಣ್ಣನನ್ನು ಕರೆಯುವಂತೆ ಕರೆದು ಕೇಳಿದ ತೀರ್ಥಮಾನ್.

ಗಜರತ್ನರು ಬೇಖಾನ ಮುಖ ನೋಡಿದರು. ಬೇಖಾ ತಲೆ ಅಲ್ಲಾಡಿಸಿದ. "ಏಣಿ ಹಾಕಿ ಬೆನ್ನ ಕಡೆಯಿಂದ ತಟ್ಟಿ ನೋಡಿದೆ. ಒಳಗೆಲ್ಲ ಗೆದ್ದಲು. ಹೊರಗಡೆ ಸಿಪ್ಪೆ ಮಾತ್ರ ನಿಂತಿದೆ. ಇಳಿಸೋಕೆ ಕೈ ಹಾಕಿದ್ರೆ ಪುಡಿ ಆಗ್ತಾಳೆ. ಅವಳು ಇನ್ನು ನಿನ್ನ ಫೋಟೋದಲ್ಲಿ ಮಾತ್ರ ಉಳಿಯೋದು ಮಾರಾಯ. ನಿನಗೆ ಕೈ ಮುಗೀತೀನಿ, ಮಂಜುಗಿಂಜು ಎಲ್ಲ ಬೇಡ."

ತೀರ್ಥಮಾನನಿಗೆ ಬಿಸಿತುಪ್ಪ ಬಾಯಿಗೆ ಬಿದ್ದಂತಾಯಿತು. ಸೂಜಿಗಾಜಿನಲ್ಲಿ ತೆಗೆದರೆ ಅವಳ ಸುಕ್ಕು ಎಣಿಸಿದ ಪಾಪ, ಮಂಜುಗಾಜಿನಲ್ಲಿ ತೆಗೆದರೆ ಅವಳ ಜಾಗಕ್ಕೆ ಬೋಳು ಮರ.

ಮರುದಿನ ಬಾಹಾದ ಪುರೋಹಿತರಾದ ಗುಭಾಜು ಬಂದು, ಮಂತ್ರ ಹೇಳಿ, ಎಲ್ಲ ದೇವತೆಗಳ ಜೀವವನ್ನೂ ನೀರಿನ ಕಲಶಕ್ಕೆ ಇಳಿಸಿದರು. ಗುಡಿಯ ಕೆಲಸ ಮುಗಿಯುವವರೆಗೆ ದೇವರೆಲ್ಲ ಆ ಕಲಶದಲ್ಲಿ. "ಈಗ ಅದು ಬರೀ ಮರ, ಧೈರ್ಯವಾಗಿ ತೆಗಿ" ಎಂದರು ಗಜರತ್ನರು. ಕೇರಿಯ ಹಿರಿಯ ಜೀವ ನಾನಿಛೋರಿ ಅಜಿ ಮಾತ್ರ ಬಾವಿಕಟ್ಟೆಯಿಂದ ಬಾಗಿಲಿನವರೆಗೆ ಕೋಲೂರಿಕೊಂಡು ನಡೆದು, ಮೇಲೆ ನೋಡಿ, "ಜೀವ ಕಲಶಕ್ಕೆ ಹೋಯ್ತು, ಸರಿ. ಕಣ್ಣು ಇಲ್ಲೇ ಬಿಟ್ಟು ಹೋಗವ್ಳಲ್ಲ!" ಎಂದಳು. ಬರೀ ಮರವಾದ ಮೇಲೂ ಅವಳು ಎಲ್ಲರನ್ನೂ ನೋಡುತ್ತಲೇ ಇದ್ದಳು.

ಗುಡಿಯ ಎದುರು ಮನೆಯ ಮೇಲಂತಸ್ತಿನ ಕಿಟಕಿಯಲ್ಲಿ ತೀರ್ಥಮಾನ್ ದೊಡ್ಡ ಮರದ ಕ್ಯಾಮೆರಾ ನಿಲ್ಲಿಸಿದ. ಮಂಜು ಹರಿದು ಬಿಸಿಲು ಅಂಗಳದ ಕಲ್ಲಿಗೆ ಬಿದ್ದಾಗ, ಅದರ ಬೆಳಕು ಪುಟಿದು ಮಾಡಿನ ಕೆಳಭಾಗಕ್ಕೆ ಹತ್ತುತ್ತದೆ. ಯಾವಾಗಲೂ ಕತ್ತಲಲ್ಲಿರುವ ಅಜಿಮಾಳ ಮೈಗೆ ಬೆಳಕು ಬೀಳುವುದು ಆಗ ಮಾತ್ರ. ಅವನು ಸೂಜಿಗಾಜು ಸಿಕ್ಕಿಸಿ, ಕಪ್ಪು ಬಟ್ಟೆಯೊಳಗೆ ತಲೆ ತೂರಿಸಿದ.

ಕ್ಯಾಮೆರಾದ ಹಿಂದಿನ ಮಸುಕು ಗಾಜಿನ ಮೇಲೆ ಎಲ್ಲವೂ ತಲೆಕೆಳಗಾಗಿ ಬೀಳುತ್ತದೆ. ತಲೆಕೆಳಗಾಗಿಯೇ ನೋಡಿ ಅಭ್ಯಾಸವಾದವನು ಅವನು. ಆದರೆ ಇಂಥದ್ದನ್ನು ನೋಡಿರಲಿಲ್ಲ. ಕಣ್ಣಿಗೆ ಒತ್ತುಗಾಜು ಎಂಬ ಪುಟ್ಟ ಭೂತಗನ್ನಡಿ ಹಿಡಿದು ಮೆಲ್ಲಗೆ ಲೆನ್ಸು ಸರಿಸಿದಂತೆ ಮಸುಕೆಲ್ಲ ಸರಿದು, ಮೊದಲು ಅವಳ ಕಾಲ್ಬೆರಳು ಬಂದವು. ಬೆರಳಿಗೆ ಉಗುರಿತ್ತು. ಉಗುರಿನ ಬುಡದಲ್ಲಿ ಚಂದ್ರನ ಗೆರೆಯಿತ್ತು! ಯಾರಿಗೂ ಕಾಣದ ಎತ್ತರದಲ್ಲಿ, ಯಾರೂ ಕೇಳದ ಆ ಗೆರೆಯನ್ನು ಯಾವನೋ ಪುಣ್ಯಾತ್ಮ ಉಳಿ ಹಿಡಿದು ಎಳೆದಿದ್ದ. ಕಾಲಂದುಗೆಯ ಒಳಗೆ ಕಾಳು ಕಾಣುತ್ತಿದ್ದವು. ಸೀರೆಯ ನೆರಿಗೆ ಗಾಳಿಗೆ ಈಗಷ್ಟೇ ಅಲ್ಲಾಡಿ ನಿಂತಂತಿತ್ತು. ಹುಟ್ಟಿದಾರಭ್ಯ ಇವಳ ಕೆಳಗೇ ಓಡಾಡಿದ್ದೇನೆ, ಇವಳನ್ನು ನೋಡಿಯೇ ಇಲ್ಲವಲ್ಲ ಎಂದುಕೊಂಡ. ಮರ್ಯಾದೆ ಕೊಡುತ್ತೇನೆಂದು ಇಷ್ಟು ವರ್ಷ ಮುಚ್ಚಿಟ್ಟದ್ದು ಇದನ್ನೆಲ್ಲ.

ಆಮೇಲೆ ಅವನು ಮುಖಕ್ಕೆ ಬಂದ.

ಮುಖ ಇರಲಿಲ್ಲ. ಮುಖವಿರಬೇಕಾದಲ್ಲಿ ಒಂದು ಗುಂಡಿ ಇತ್ತು.

ಅವನು ಬಟ್ಟೆ ಸರಿಸಿ ಬರಿಗಣ್ಣಿನಿಂದ ನೋಡಿದ. ಅಜಿಮಾ ಅಲ್ಲೇ ಇದ್ದಳು, ತುಂಬಿದ ಕೆನ್ನೆ, ಅದೇ ನೋಟ. ಮತ್ತೆ ಬಟ್ಟೆಯೊಳಗೆ ಹೋದ. ಗುಂಡಿ. ಗೆದ್ದಲು ಎಂದೋ ಮುಖವನ್ನು ತಿಂದು ಮುಗಿಸಿದೆ, ಕೇರಿಯವರೆಲ್ಲ ಇಷ್ಟು ಕಾಲ ಕೈಮುಗಿದದ್ದು ಒಂದು ಕೊರಕಲಿಗೆ, ಅದರೊಳಗಿನ ನೆರಳಿಗೆ ಎಂದು ಅವನಿಗೆ ಅನ್ನಿಸಿತು. ಧೂಳಿನಲ್ಲಿ ತನ್ನನ್ನು ನೋಡಿದ್ದೂ ಅದೇ ಕೊರಕಲೇ? ಬಿಸಿಲು ಸರಿಯುತ್ತಿತ್ತು. ಅವನು ಪ್ಲೇಟು ಹಾಕಿ, ಉಸಿರು ಬಿಗಿಹಿಡಿದು ಲೆನ್ಸಿನ ಮುಚ್ಚಳ ತೆಗೆದ.

ಆ ಪ್ಲೇಟನ್ನು ತೊಳೆಯಲು ಮಗಳಿಗೆ ಕೊಡದೆ ತಾನೇ ತೊಳೆದ. ಒಣಗಿದ ನೆಗೆಟಿವನ್ನು ಕಿಟಕಿಗೆ ಹಿಡಿದರೆ, ಬೆಳಕು ನೆರಳು ಅದಲುಬದಲಾದ ಅದರಲ್ಲೂ ಗುಂಡಿಯೇ ಕಂಡಿತು. ಅದನ್ನು ಕಾಗದಕ್ಕೆ ಇಳಿಸಿ ನೋಡುವ ಧೈರ್ಯ ಬರಲಿಲ್ಲ. ಬೇರೆ ಊರಿನ ಫೋಟೋದವನಾಗಿದ್ದರೆ ಅಲ್ಲಿಗೆ ಕೈಬಿಡುತ್ತಿದ್ದನೋ ಏನೋ. ಚಿತ್ರಕಾರರ ಕೈ ಸುಮ್ಮನಿರುವುದಿಲ್ಲ. ಮದುವೆ ಹೆಣ್ಣಿನ ಮೊಡವೆ ಅಳಿಸಿ, ಬೋಳುತಲೆಗೆ ಕೂದಲು ಬರೆದು ಬದುಕಿದ ಕುಂಚ ಅದು. ಅವನು ಪ್ಲೇಟಿನ ಮೇಲೆ ವಾರ್ನಿಶ್ ಬಳಿದು, ತನ್ನ ಹಳೆಯ ಮಂಜುಗಾಜಿನ ಚಿತ್ರಗಳನ್ನು ಎದುರಿಗಿಟ್ಟುಕೊಂಡು, ಒಂದೆಳೆಯ ಕುಂಚದಿಂದ ಆ ಗುಂಡಿಯನ್ನು ತುಂಬಿದ. ನೆಗೆಟಿವಿನಲ್ಲಿ ಕಪ್ಪು ಬಳಿದಲ್ಲಿ ಕಾಗದದ ಮೇಲೆ ಬೆಳಕು. ಕಪ್ಪು ಬಳಿದು ಬಳಿದು ಕೆನ್ನೆ ಮಾಡಿದ, ಮೂಗು ಮಾಡಿದ, ಸಣ್ಣ ನಗು ಇಟ್ಟ. ಮೈ ಸೂಜಿಗಾಜಿನದು, ಮುಖ ಮಂಜುಗಾಜಿನದು. ಯಾರಿಗೂ ಮೋಸವಲ್ಲ, ಕೇರಿಯ ಅಜ್ಜಿಯನ್ನು ಕೇರಿಗೆ ಉಳಿಸಿಕೊಟ್ಟೆ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡ.

ಪ್ರಿಂಟು ನೋಡಿ ಗಜರತ್ನರು ಹಣೆಗೊತ್ತಿಕೊಂಡರು. ಬೇಖಾ, "ನಿನ್ನ ಕೈಲೂ ಸೂಜಿ ಹಿಡಿಯೋಕೆ ಬರುತ್ತೆ ಅಂತ ಇವತ್ತು ಗೊತ್ತಾಯ್ತು" ಎಂದು ಬೆನ್ನು ತಟ್ಟಿದ. ತೀರ್ಥಮಾನ್ ಅವನ ಮುಖ ನೋಡದೆ ಪ್ರಿಂಟನ್ನು ಕಾಗದದಲ್ಲಿ ಸುತ್ತಿಕೊಟ್ಟ.

ಮಾಡು ಬಿಚ್ಚುವ ದಿನ ಬೇಖಾ ಹೇಳಿದ್ದೇ ಆಯಿತು. ಅಜಿಮಾಳ ತುನಾಲಕ್ಕೆ ಬೆನ್ನ ಕಡೆಯಿಂದ ಹಗ್ಗ ಸುತ್ತಿ ಎತ್ತುತ್ತಿದ್ದಂತೆ ಭುಜದ ಮೇಲಿನದೆಲ್ಲ ಪುಡಿಪುಡಿಯಾಗಿ ಸುರಿಯಿತು. ಬೇಖಾನ ಅಂಗೈಯಲ್ಲಿ ಹಿಟ್ಟಿನಂಥ ಧೂಳು ಉಳಿಯಿತು. ನಾನಿಛೋರಿ ಅಜಿ ಅದನ್ನೇ ಸೆರಗಿನಲ್ಲಿ ಕಟ್ಟಿಕೊಂಡಳು.

ಬೇಖಾ ಸಾಲವೃಕ್ಷದ ಮರ ತಂದು, ಫೋಟೋ ಎದುರಿಗಿಟ್ಟುಕೊಂಡು ಕೆತ್ತಿದ. ಬೇಸಗೆ ಕಳೆದು ಮಳೆ ಹಿಡಿಯುವ ಹೊತ್ತಿಗೆ ಹೊಸ ಅಜಿಮಾ ಸಿದ್ಧಳಾದಳು. ಪೂಜೆಗೆ ಮುಂಚೆ ಒಮ್ಮೆ ಹೊಂದಿಸಿ ನೋಡಲೆಂದು ಅವಳನ್ನು ಬೊಂಬಿನ ಅಟ್ಟಣಿಗೆಗೆ ಏರಿಸಿ, ಮೂಲೆಗೆ ಒರಗಿಸಿ ಕಟ್ಟಿದರು. ಕೇರಿಯ ಹೆಂಗಸರೆಲ್ಲ ಅವಲಕ್ಕಿ ಹಸನು ಮಾಡುವುದನ್ನು ಬಿಟ್ಟು ಬಂದರು. ಏನು ಚೆಲುವು! ಬೆರಳಿಗೆ ಉಗುರು, ಉಗುರಿಗೆ ಚಂದ್ರ, ತುಂಬುಗೆನ್ನೆ, ಸಣ್ಣ ನಗು.

ನಾನಿಛೋರಿ ಅಜಿ ಬಾಗಿಲಿನಿಂದ ಬಾವಿಗೆ ನಡೆದಳು. ಬಾವಿಯಿಂದ ಬಾಗಿಲಿಗೆ ವಾಪಸು ನಡೆದಳು. ಆಮೇಲೆ ಕೋಲಿಗೆ ಗಲ್ಲ ಊರಿ ನಿಂತಳು.

"ಚೆನ್ನಾಗವ್ಳೆ" ಎಂದಳು. "ಆದ್ರೆ ಇವ್ಳು ಬೇರೆ ಯಾರೋ ಮನೆಯವ್ಳು. ನಮ್ಮ ಕಡೆ ನೋಡ್ತಾನೇ ಇಲ್ಲ."

ಒಬ್ಬೊಬ್ಬರಾಗಿ ಎಲ್ಲರೂ ನಡೆದು ನೋಡಿದರು. ಹೊಸ ಅಜಿಮಾ ಎದುರು ಮನೆಯ ಕಿಟಕಿಯನ್ನು ನೋಡುತ್ತ ನಗುತ್ತಿದ್ದಳು, ಅಷ್ಟೇ. ಒಂದು ಕೂಸಿನ ತಾಯಿ, ಮಗುವನ್ನು ಅಂಗಳದಲ್ಲಿ ಮಲಗಿಸಹೊರಟವಳು, ಏನೋ ನೆನಪಾದಂತೆ ಮತ್ತೆ ಎತ್ತಿ ಸೊಂಟಕ್ಕೆ ಏರಿಸಿಕೊಂಡಳು. ತೀರ್ಥಮಾನ್ ಅದನ್ನು ನೋಡಿದ. ಬೇಖಾ ಅಟ್ಟಣಿಗೆ ಇಳಿದು ಬಂದು ನೆಲಕ್ಕೆ ಕುಕ್ಕರಿಸಿದ.

"ಫೋಟೋದಲ್ಲಿರೋ ಹಂಗೇ ಕೆತ್ತಿದೀನಲ್ಲ ದಾಯ್" ಎಂದ ಗಜರತ್ನರಿಗೆ. "ನನ್ನ ಕೈ ಸರಿಯಿಲ್ಲ ಅಂತ ಕಾಣುತ್ತೆ. ಬೋಳು ಮರನೇ ಇಟ್ಟುಬಿಡೋಣ. ನಾನಿನ್ನು ದೇವರ ಕೆಲಸಕ್ಕೆ ಉಳಿ ಹಿಡಿಯೋಲ್ಲ."

ಮಾರನೆಯ ಬೆಳಗ್ಗೆ ತೀರ್ಥಮಾನ್ ಆ ನೆಗೆಟಿವ್, ಒಂದು ಸೀಸೆ ಟರ್ಪೆಂಟೈನ್, ಒಂದಿಷ್ಟು ಹತ್ತಿ ಹಿಡಿದು ಬೇಖಾನ ಕಾರ್ಖಾನೆಗೆ ಹೋದ. ಹೇರಾಶೋಭಾ ಹಿಂದೆಯೇ ಬಂದಳು. ಅವನು ಕುಳಿತುಕೊಳ್ಳಲಿಲ್ಲ.

"ನಿನ್ನ ಕೈ ಸರಿಯಾಗೇ ಇದೆ ಬೇಖಾ. ನೀನು ಕೆತ್ತಿದ್ದು ಅಜಿಮಾ ಮುಖ ಅಲ್ಲ, ನನ್ನ ಕುಂಚ. ಅಲ್ಲಿ ಮುಖ ಇರಲೇ ಇಲ್ಲ. ಗೆದ್ದಲು ತಿಂದಿದ್ದ ಗುಂಡಿ ಇತ್ತು. ಹೇಳೋಕೆ ಎದೆ ಒಪ್ಪಲಿಲ್ಲ, ತುಂಬಿಬಿಟ್ಟೆ."

ಬೇಖಾ ಎದ್ದುನಿಂತ. ಬೈಯುತ್ತಾನೆ, ಬಹುಶಃ ಹೊಡೆಯುತ್ತಾನೆ ಎಂದು ಶೋಭಾ ಹೆದರಿದಳು. ಅವನು ಹೇಳಿದ್ದು ಒಂದೇ ಮಾತು. "ಒರೆಸು."

ಹತ್ತಿ ಒದ್ದೆ ಮಾಡಿ ತೀರ್ಥಮಾನ್ ಒರೆಸಿದ. ಕೆನ್ನೆ ಹೋಯಿತು, ಮೂಗು ಹೋಯಿತು, ನಗು ಹೋಯಿತು. ಶೋಭಾ ಪ್ಲೇಟನ್ನು ಸ್ಟುಡಿಯೋಕ್ಕೆ ಒಯ್ದು ಪ್ರಿಂಟ್ ತೆಗೆದಳು. ತಿರುಗಿ ಬರುವಾಗ ಅವಳು ಓಡಿಬಂದದ್ದು ಉಸಿರಿನಲ್ಲೇ ಗೊತ್ತಾಗುತ್ತಿತ್ತು.

"ಬುಬಾ, ಏನಂದ್ರಿ, ಗುಂಡಿನಾ? ನೋಡಿ ಇಲ್ಲಿ!"

ಒದ್ದೆ ಕಾಗದದ ಮೇಲೆ ಅಜಿಮಾ ಇದ್ದಳು. ಅವನು ಬರೆದ ಅಜಿಮಾ ಅಲ್ಲ, ಅಂಗಳದ ಅಜಿಮಾ. ಅವನನ್ನೇ ನೋಡುತ್ತಿದ್ದಳು. ಬೇಖಾ ಕಾಗದವನ್ನು ಕಸಿದು ಕಿಟಕಿಗೆ ಒಯ್ದು, ಒಳಗೆ ಹೊರಗೆ, ಅಡ್ಡ ಉದ್ದ ಹಿಡಿದು ನೋಡಿದ. ತಲೆಕೆಳಗಾಗಿ ಹಿಡಿದಾಗ ಅವನ ಕೈ ನಿಂತಿತು. ಮೈ ಹಾಗೆಯೇ ಇದ್ದು, ಮುಖವೊಂದೇ ಒಳಕ್ಕೆ ಹೋಗಿ ಗುಂಡಿಯಾಗಿತ್ತು. ನೆಟ್ಟಗೆ ಹಿಡಿದರೆ ಮುಖ, ತಲೆಕೆಳಗಾದರೆ ಗುಂಡಿ. ಅವನು ಒತ್ತುಗಾಜು ಹುಡುಕಿ ಕಣ್ಣಿಗೆ ಹಿಡಿದ.

"ತೀರ್ಥ" ಎಂದ ಆಮೇಲೆ, ದೇವರ ಕೋಣೆಯಲ್ಲಿ ಮಾತಾಡುವಷ್ಟು ಮೆಲ್ಲಗೆ. "ಗೆದ್ದಲು ಕಣ್ಣಿನ ರೆಪ್ಪೆ ಕೆತ್ತುತ್ತೇನೋ?"

"ಏನು?"

"ಉಳಿ ಗುರುತು ಇದೆ ಇಲ್ಲಿ. ಸಾಲಾಗಿ, ಒಂದೇ ಅಳತೆ. ತುಟಿ ಒಳಕ್ಕೆ ಕೆತ್ತಿದಾನೆ. ಮೂಗು ಒಳಕ್ಕೆ. ಅಚ್ಚಿನ ಮಣೆ ಕೆತ್ತೋ ಹಂಗೆ, ಪೂರಾ ಮುಖನ ಹಿಂದುಮುಂದು ಕೆತ್ತಿದಾನೆ ಮಹಾರಾಯ! ಇದು ಹಾಳಾಗಿದ್ದಲ್ಲ, ಹಿಂಗೇ ಹುಟ್ಟಿದ್ದು. ದೂರದಿಂದ ನೆಟ್ಟಗೆ ನೋಡಿದ್ರೆ ಒಳಕ್ಕಿರೋ ಮುಖನೂ ಕಣ್ಣಿಗೆ ಉಬ್ಬಿದ ಮುಖನೇ, ನಾವು ಸರಿದಂಗೆ ಅದೂ ನಮ್ಮ ಕಡೆ ತಿರುಗಿದಂಗೆ ಕಾಣುತ್ತೆ. ಅದಕ್ಕೇ ಅವಳು ತಿರುಗ್ತಾ ಇದ್ದಿದ್ದು." ಅವನ ಕಣ್ಣಲ್ಲಿ ನೀರು ತುಂಬಿ ಒತ್ತುಗಾಜು ಮಸುಕಾಯಿತು. "ಎಂಥಾ ಕೈಯಪ್ಪಾ! ನಾವೆಲ್ಲ ಏನು ಕೆತ್ತಿದಂಗಾಯ್ತು..."

ಮೂವರೂ ಆ ಕಾಗದವನ್ನು ಮತ್ತೆ ಮತ್ತೆ ತಿರುಗಿಸಿ ನೋಡಿದರು. ಹೆಸರು ಕೂಡ ಬಿಡದೆ ಹೋದ ಒಬ್ಬ ಮನುಷ್ಯ, ಮಾಡಿನ ಕತ್ತಲು, ಅಂಗಳದ ಬೆಳಕು, ಕೆಳಗೆ ಓಡಾಡುವವರ ಹೆಜ್ಜೆ ಎಲ್ಲವನ್ನೂ ಲೆಕ್ಕ ಹಾಕಿ, ಇಲ್ಲದ ಮುಖವನ್ನು ಒಂದು ಕೇರಿಗೇ ಕಾವಲಿಟ್ಟಿದ್ದ. ತೀರ್ಥಮಾನನಿಗೆ ನಾಚಿಕೆಯಾಗಲಿಲ್ಲ. ನಾಚಿಕೆಗೆ ಜಾಗವಿಲ್ಲದಷ್ಟು ಬೆರಗು ತುಂಬಿತ್ತು.

ಗಜರತ್ನರನ್ನು ಒಪ್ಪಿಸುವುದು ಕಷ್ಟವಾಯಿತು. "ಮುಖದ ಜಾಗದಲ್ಲಿ ತೂತು ಮಾಡಿ ನಿಲ್ಸಿದ್ರೆ ಜನ ನನ್ನ ಮುಖಕ್ಕೆ ಉಗೀತಾರೆ" ಎಂದರು. ಬೇಖಾ ಪ್ರಿಂಟನ್ನು ಅವರ ಕೈಗೆ ಕೊಟ್ಟು, ನೆಟ್ಟಗೆ ಹಿಡಿಸಿದ, ತಲೆಕೆಳಗು ಹಿಡಿಸಿದ, ಮತ್ತೆ ನೆಟ್ಟಗೆ. ಮುದುಕರು ಜಗುಲಿಯ ಮೇಲೆ ಕುಳಿತರು. "ಎಲ್ಲಾ ಶೂನ್ಯ ಅಂತ ದಿನಾ ಬೆಳಗ್ಗೆ ಅವಳ ಕೆಳಗೇ ಕೂತು ಪಾರಾಯಣ ಮಾಡ್ತೀನಲ್ಲೋ" ಎಂದರು. "ಒಂದು ದಿನ ತಲೆ ಎತ್ತಿ ನೋಡ್ಲಿಲ್ಲ. ಕೆತ್ತಪ್ಪ, ಕೆತ್ತು."

ಬೇಖಾ ಎರಡನೆಯ ಸಲ ಕೆತ್ತಿದ. ಈ ಸಲ ಯಾರಿಗೂ ತೋರಿಸಲಿಲ್ಲ. ಕಾಗದ ತೋರಿಸಿದ್ದನ್ನು ಮರ ತೋರಿಸುತ್ತದೋ ಇಲ್ಲವೋ ಅವನಿಗೂ ಗೊತ್ತಿರಲಿಲ್ಲ. ಕಾರ್ಖಾನೆಯಲ್ಲಿ ಹತ್ತಿರದಿಂದ ನೋಡಿದರೆ ಗುಂಡಿ ಗುಂಡಿಯೇ. ಮಾಡು ಕಟ್ಟಿ ಮುಗಿದು, ಅವಳನ್ನು ಅವಳ ಮೂಲೆಯಲ್ಲಿ ನಿಲ್ಲಿಸಿದಾಗ ಮುಖಕ್ಕೆ ಕೆಂಪು ಬಟ್ಟೆ ಕಟ್ಟಿದ್ದರು. ದೇವರಿಗೆ ಕಣ್ಣು ತೆರೆಸುವ ಹಕ್ಕು ಚಿತ್ರಕಾರರದು. ಪಾಪೆಯನ್ನು ಬರೆದ ಮೇಲೆ ಅದು ಚಿತ್ರವಲ್ಲ, ದೇವರು. ಒಮ್ಮೆ ಬರೆದದ್ದನ್ನು ತಿದ್ದುವ ಹಾಗಿಲ್ಲ. ಕೇರಿಯ ಸರದಿ ಆ ವರ್ಷ ತೀರ್ಥಮಾನನ ಮನೆಗೆ ಬಂದಿತ್ತು.

ಅವನು ಉಪವಾಸವಿದ್ದು, ಮಿಂದು, ಅಟ್ಟಣಿಗೆ ಹತ್ತಿದ. ಕೆಳಗೆ ಗುಭಾಜು ಕಲಶದ ಮುಂದೆ ಗಂಟೆ ಬಾರಿಸುತ್ತಿದ್ದರು. ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ಬಟ್ಟೆಯ ಅಂಚು ಎತ್ತಿ ಅವನು ತಲೆಯನ್ನು ಒಳಗೆ ತೂರಿಸಿದ. ಅವನ ಮುಖದ ಎದುರಿಗೆ ಒಂದು ಹೊಸ ಮರದ ಗುಂಡಿ, ಅವನ ಮುಖವೇ ಹಿಡಿಸುವಷ್ಟು ದೊಡ್ಡದು, ಸಾಲವೃಕ್ಷದ ಮರದ ವಾಸನೆ. ಅದರೊಳಗೆ ಎಡವೇ ಬಲವಾಗಿ, ಬಲವೇ ಎಡವಾಗಿ ಎರಡು ಕಣ್ಣಿನ ಹಳ್ಳ. ತಿದ್ದಲು ಬಾರದ ಎರಡು ಚುಕ್ಕೆ ಇಡಬೇಕು, ಅದೂ ಕಾಣದ ಮುಖಕ್ಕೆ. ಅವನು ಒಂದು ಪಾಪೆ ಬರೆದ. ಇನ್ನೊಂದು ಬರೆದ. ಪಕ್ಕಕ್ಕೆ ಸರಿದು ಬಟ್ಟೆಯ ಗಂಟು ಎಳೆದ.

ಕೆಳಗೆ ಗಂಟೆ ನಿಂತಿತು. ಅವನಿದ್ದಲ್ಲಿಂದ ಕಾಣುತ್ತಿದ್ದದ್ದು ಗುಂಡಿ, ಎರಡು ಒದ್ದೆ ಚುಕ್ಕೆ. ಈ ಸಲವೂ ಕೆಟ್ಟಿತು ಎಂದು ಅವನು ಕಣ್ಣು ಮುಚ್ಚಿದ.

"ನನ್ನ ಕಡೆ ನೋಡ್ತವ್ಳೆ!" ಬಾವಿಕಟ್ಟೆಯಿಂದ ನಾನಿಛೋರಿ ಅಜಿಯ ಒಡಕು ದನಿ.

"ಇಲ್ಲ ಅಜಿ, ಈ ಕಡೆ ನೋಡ್ತಾಳೆ, ನನ್ನ!" ಮೂಡಣ ಬಾಗಿಲಿನಿಂದ ಒಬ್ಬಳು.

"ನನ್ನನ್ನ ಕಣ್ರೇ..." ಗಜರತ್ನರದು ಅಳುವ ದನಿಯಾಗಿತ್ತು.

ಅಂಗಳದ ತುಂಬ ಜನ ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ ಮಕ್ಕಳಂತೆ ಓಡಾಡತೊಡಗಿದರು. ಬೇಖಾ ಎಲ್ಲಿಯೋ ಗುಂಪಿನ ನಡುವೆ ಗಟ್ಟಿಯಾಗಿ ನಗುತ್ತಿದ್ದ. ಶೋಭಾ ಅಟ್ಟಣಿಗೆಯ ಬುಡಕ್ಕೆ ಬಂದು ಕೂಗಿದಳು. "ಬುಬಾ, ಬೇಗ ಇಳೀರಿ! ನಿಮ್ಮೊಬ್ಬರನ್ನ ಬಿಟ್ಟು ಊರಿಗೆ ಊರನ್ನೇ ನೋಡ್ತಾ ಇದಾಳೆ!"

"ಬಂದೆ" ಎಂದ ತೀರ್ಥಮಾನ್. ಆದರೆ ಇಳಿಯಲಿಲ್ಲ. ಕುಂಚ ಹಿಡಿದ ಕೈಯನ್ನೇ ಮುಗಿದು, ತನ್ನನ್ನು ನೋಡದ ಆ ಗುಂಡಿಯ ಮುಂದೆ ಇನ್ನೂ ಸ್ವಲ್ಪ ಹೊತ್ತು ಕುಳಿತಿದ್ದ.